ಬಾಣಂತಿಯ ಬಿಳಿ ಅನ್ನ

ಬಾಣಂತಿಯನ್ನು ನೋಡಲು ಹೋದ ಹೆಂಗಸರು ಮೊದಲು ತೊಟ್ಟಿಲಿಗೆ ಬಗ್ಗುತ್ತಾರೆ. ನಾನು ಅಡುಗೆಮನೆಗೆ ಬಗ್ಗುತ್ತೇನೆ. ಒಳಗೆ ಮಗುವಿನ ಮೂಗು ಅಪ್ಪನದೋ ಅಜ್ಜಿಯದೋ ಎಂಬ ಮಾತು ನಡೆಯುತ್ತಿದ್ದರೆ ನಾನು ಒಲೆಯ ಪಕ್ಕ ನಿಂತು, ಏನು ಸಾರು, ಸೊಪ್ಪು ಹಾಕಿದ್ದೀರಾ, ಅಕ್ಕಿ ಯಾವುದು ಎಂದು ವಿಚಾರಿಸುತ್ತಿರುತ್ತೇನೆ. ಇದು ಒಳ್ಳೆಯ ನಡತೆಯಲ್ಲ ಎಂದು ನನಗೂ ಗೊತ್ತು. ಮೊನ್ನೆ ಒಂದು ಮನೆಯಲ್ಲಿ ಅನ್ನದ ತಪ್ಪಲೆಯ ಮುಚ್ಚಳ ಎತ್ತಿ ನೋಡುತ್ತಿದ್ದೆ. ಒಳಗೆ ಬಂದ ಆ ಮನೆಯಾಕೆ ನಾನು ಹಸಿದಿದ್ದೇನೆ ಎಂದುಕೊಂಡು ತಟ್ಟೆ ಹಾಕಿಯೇ ಬಿಟ್ಟರು.  ಹಾಕಿದ್ದನ್ನೆಲ್ಲ ಉಂಡು, ಮಗುವಿನ ಕೈಗೆ ಇಪ್ಪತ್ತು ರೂಪಾಯಿ ಇಟ್ಟು ಬಂದೆ.

ಈ ಚಟ ನನಗೆ ಅಂಟಿದ್ದು ಅಕ್ಕಿಹೆಬ್ಬಾಳಿನಲ್ಲಿ, ತೊಂಬತ್ತರ ದಶಕದ ನಡುವಿನಲ್ಲಿ. ಹೇಳಲು ಹೊರಟರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ, ಸಹಿಸಿಕೊಳ್ಳಿ.

ನಾನು ಹುಟ್ಟಿದ್ದು ನಾಗಮಂಗಲದ ಕಡೆ. ಮಳೆ ನಂಬಿದ ಬೆದ್ದಲು ಸೀಮೆ. ರಾಗಿ, ಹುರುಳಿ, ಅವರೆ, ಅವುಗಳ ನಡುವೆ ಯಾರೂ ಬಿತ್ತದೆ ಬೆಳೆಯುವ ಸೊಪ್ಪು. ಸ್ಕೂಲಿನಿಂದ ಬಂದ ತಕ್ಷಣ ಅವ್ವ ಕೈಗೊಂದು ಮಂಕರಿ ಕೊಟ್ಟು ಬೆರಕೆ ಸೊಪ್ಪಿಗೆ ಅಟ್ಟುತ್ತಿದ್ದಳು. ಯಾವುದು ತಿನ್ನುವ ಸೊಪ್ಪು, ಯಾವುದು ದನದ ಸೊಪ್ಪು ಎಂಬುದರಲ್ಲಿ ನನಗೆ ಸದಾ ಗೊಂದಲ. ನಾನು ತಂದ ಮಂಕರಿಯಲ್ಲಿ ಅರ್ಧ ಕೊಟ್ಟಿಗೆಗೇ ಹೋಗುತ್ತಿತ್ತು. ಅನ್ನ ನಮ್ಮ ಮನೆಯಲ್ಲಿ ಹಬ್ಬಕ್ಕೆ, ನೆಂಟರಿಗೆ ಮತ್ತು ಜ್ವರಕ್ಕೆ. ಅನ್ನದ ಆಸೆಗೆ ನಾನೂ ತಮ್ಮನೂ ಕಂಬಳಿ ಹೊದ್ದು ನರಳಿದ್ದುಂಟು. ಅವ್ವ ಹಣೆ ಮುಟ್ಟಿ ನೋಡಿ, "ಈ ಜರ ಇಟ್ಟು ತಿಂದ್ರೆ ಓಯ್ತದೆ, ಏಳ್ರಲಾ ಮ್ಯಾಕೆ" ಎನ್ನುತ್ತಿದ್ದಳು. ಇಟ್ಟು ಎಂದರೆ ನಮ್ಮಲ್ಲಿ ರಾಗಿಮುದ್ದೆ.

ಏಳನೆಯ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ವಿಟಮಿನ್ನುಗಳನ್ನು ಸಾಲಾಗಿ ಬರೆದು, ಅವು ಕಡಿಮೆಯಾದರೆ ಬರುವ ಕಾಯಿಲೆಗಳನ್ನು ಬಾಯಿಪಾಠ ಮಾಡಿಸಿದ್ದರು. ಎ ಇಲ್ಲದಿದ್ದರೆ ಇರುಳುಗಣ್ಣು, ಸಿ ಇಲ್ಲದಿದ್ದರೆ ಒಸಡಿನ ರಕ್ತ, ಡಿ ಇಲ್ಲದಿದ್ದರೆ ಸೊಟ್ಟ ಕಾಲು. ಬಿ ಒನ್ ಬಂದಾಗ ಇಡೀ ತರಗತಿ ನಕ್ಕಿತು. ಅದರ ಕಾಯಿಲೆಯ ಹೆಸರು ಬೆರಿಬೆರಿ. ಅದು ಕಾಯಿಲೆಯ ಹೆಸರಿನಂತೆಯೇ ಇರಲಿಲ್ಲ, ಕೋಳಿಯನ್ನು ಕರೆಯುವ ಸದ್ದಿನಂತಿತ್ತು. ತೊದಲುತ್ತಿದ್ದ ಒಬ್ಬ ಹುಡುಗನಿಗೆ ನಾವು ಅದೇ ಹೆಸರಿಟ್ಟೆವು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು, ನಾನು ಸರಿಯಾಗಿ ಬರೆದೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ನನ್ನನ್ನು ಕೊಟ್ಟದ್ದು ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳಿಗೆ. ಹೆಸರಿನಲ್ಲೇ ಅಕ್ಕಿ ಇರುವ ಊರು. ನಮ್ಮ ಮನೆಯ ಗದ್ದೆಗೆ ನಾಲೆಯ ನೀರು. ಯಜಮಾನರು ಸಕ್ಕರೆ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿದ್ದರು. ಮನೆಯಲ್ಲಿ ಅತ್ತೆಯದೇ ಆಡಳಿತ. ತಾಯಮ್ಮ ಎಂದು ಅವರ ಹೆಸರು. ಎತ್ತರದ ಹೆಂಗಸು, ಬೇಗ ಗಂಡನನ್ನು ಕಳೆದುಕೊಂಡು ಮಗ ಮಗಳನ್ನು ಬೆಳೆಸಿದವರು. ನಾನು ಹೋದ ಮೊದಲ ವಾರವೇ ನನ್ನ ಊಟ ನೋಡಿ, "ಅಲ್ಲ ಕಣಮ್ಮಿ, ಮುದ್ದೆ ಅಂದ್ರೆ ಮಕ ಅರಳ್ತದಲ್ಲ ನಿಂಗೆ. ಬೆದ್ಲು ಸೀಮೆಯೋರಿಗೆ ಅನ್ನ ಇಕ್ಕುದ್ರೆ ಅಸಿವು ಇಂಗೂದೇ ಇಲ್ಲ ಅನ್ನು" ಎಂದಿದ್ದರು. ಕುಹಕವಿತ್ತು, ಆದರೆ ಮರುದಿನದಿಂದ ನನ್ನ ತಟ್ಟೆಗೆ ತಪ್ಪದೆ ಮುದ್ದೆ ಬಿತ್ತು. ಅವರು ಹಾಗೆಯೇ. ಮಾತು ಮುಳ್ಳು, ಕೈ ಧಾರಾಳ.

ಅವರ ಮಗಳು ಭಾಗ್ಯಳನ್ನು ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳಕ್ಕೆ ಕೊಟ್ಟಿತ್ತು. ನಾನು ಆ ಮನೆಗೆ ಸೊಸೆಯಾಗಿ ಹೋಗುವ ಮುಂಚೆಯೇ ಅವಳ ಚೊಚ್ಚಲ ಮಗು ಹುಟ್ಟಿ, ಬಾಣಂತನದಲ್ಲೇ ತೀರಿಕೊಂಡಿತ್ತು. ಗಂಡು ಮಗು. ದಷ್ಟಪುಷ್ಟವಾಗಿತ್ತಂತೆ. ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಉಸಿರು ಕಟ್ಟಿ ಹೋಯಿತಂತೆ. ನೋಡಲು ಬಂದವರ ಕಣ್ಣು ತಾಕಿತು ಎಂದು ಊರು ಹೇಳಿತು. ಬಾಣಂತಿ ಕದ್ದು ಏನೋ ತಿಂದಿರಬೇಕು, ನಂಜಾಗಿದೆ ಎಂದು ಬೆಳಗೊಳದವರು ಹೇಳಿದರು. ಆ ಎರಡನೆಯ ಮಾತು ಅತ್ತೆಯ ಎದೆಯಲ್ಲಿ ನೆಟ್ಟಿತ್ತು. ಭಾಗ್ಯ ಮತ್ತೆ ಬಸುರಾಗಿ ಹೆರಿಗೆಗೆ ಬಂದಾಗ ಅವರು ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಹೇಳಿದರು: "ಈ ಸಲ ಒಂದು ಕಾಳು ಆಚೆ ಈಚೆ ಆಗ್‌ಕೂಡ್ದು. ಪಥ್ಯ ಅಂದ್ರೆ ಪಥ್ಯ. ನೀನು ಕನಿಕರ ಬಿದ್ದು ಏನಾರ ಬಾಯಿಗೆ ಹಾಕುದ್ರೆ ನಂಗೂ ನಿಂಗೂ ಆಗಾಕಿಲ್ಲ."

ಆ ಸಲವೂ ಗಂಡು. ಹುಟ್ಟಿದ ಕೂಡಲೇ ಬೀದಿಗೆ ಕೇಳುವಂತೆ ಅತ್ತ.

ಅತ್ತೆ ಪಥ್ಯಕ್ಕೆ ನಿಂತರು. ನೀವು ಇದನ್ನು ಕ್ರೌರ್ಯ ಎಂದು ತಿಳಿಯಬಾರದು. ಅದರಲ್ಲಿ ಇದ್ದಷ್ಟು ಪ್ರೀತಿಯನ್ನು ನಾನು ಬೇರೆ ಕಡೆ ಕಂಡಿಲ್ಲ. ರಾಗಿ ಬಾಣಂತಿಗೆ ಭಾರ, ಕಾಳು ವಾಯು, ಸೊಪ್ಪು ತಿಂದರೆ ಮಗುವಿಗೆ ಹಸಿರು ಭೇದಿ, ಹಾಲು ಮೊಸರು ಶೀತ. ಒಂದೊಂದಕ್ಕೂ ಕಾರಣವಿತ್ತು, ಕಾರಣಕ್ಕೊಬ್ಬಳು ಸಾಕ್ಷಿಯಿದ್ದಳು: ಇಂಥವರ ಮಗಳು ತಿಂದಳು, ಹೀಗಾಯಿತು. ಎಲ್ಲವನ್ನೂ ಕಳೆದ ಮೇಲೆ ಉಳಿದದ್ದು ಅನ್ನ, ತುಪ್ಪ, ಮೆಣಸು ಬೆಳ್ಳುಳ್ಳಿಯ ಸಾರು. ಊಟ ಅರಗಲೆಂದು ಎಲೆ ಅಡಿಕೆ. ಕೋಣೆಯ ಕಿಟಕಿಗೆ ಕಂಬಳಿ, ತಲೆಗೆ ಬಟ್ಟೆ, ಕಿವಿಗೆ ಹತ್ತಿ.

ಆ ಅನ್ನವಾದರೂ ಎಂಥದು. ಊರಿನ ಹಳೆಯ ಮಿಲ್ಲಿನಲ್ಲಿ ಬತ್ತ ಮಾಡಿಸಿದರೆ ಅಕ್ಕಿ ತುಸು ಕೆಂಪಾಗಿ, ತೌಡು ಅಂಟಿಕೊಂಡೇ ಬರುತ್ತಿತ್ತು. ನಾವೆಲ್ಲ ತಿನ್ನುತ್ತಿದ್ದದ್ದು ಅದನ್ನೇ. ಮಗಳಿಗೆ ಮಾತ್ರ ಅತ್ತೆ ಪಾಂಡವಪುರದ ಕಡೆ ಹೊಸದಾಗಿ ಬಂದಿದ್ದ ಮಿಲ್ಲಿಗೆ ಬತ್ತ ಕಳಿಸಿದರು. ಸಾಗಿಸುತ್ತಿದ್ದವರು ನಮ್ಮ ಬೀದಿಯ ಕೊನೆಯ ಮನೆಯ ಅಮೀರ್. ಸ್ವಂತದ ಟೆಂಪೋ ಇಟ್ಟುಕೊಂಡಿದ್ದರು, ಅತ್ತೆಗೆ ತಮ್ಮನ ಸಮಾನ.

"ಅಕ್ಕಯ್ಯ, ಎರಡೆರಡು ಸಲ ಪಾಲೀಶ್ ಯಾಕೆ? ಅಕ್ಕಿ ಅರ್ಧ ತೌಡಾಗೋಯ್ತದೆ" ಎಂದರು ಅಮೀರ್, ಮೂಟೆ ಇಳಿಸುತ್ತ.

"ಮಲ್ಲಿಗೆ ಮೊಗ್ಗಿನಂಗೆ ಇರ್ಬೇಕು ಕಣೋ. ನನ್ ಮಗಳು ಉಂಬೋ ಅನ್ನ."

"ಮಗಳಿಗೆ ಮಲ್ಲಿಗೆ, ಎಮ್ಮೆಗೆ ಈದ್. ನೋಡಿ ಅದರ ಮೈ ಎಂಗೆ ಮಿಂಚ್ತದೆ."

ಅತ್ತೆ ನಕ್ಕರು. ನಿಜವಾಗಿ ಎಮ್ಮೆಯ ಮೈ ಮಿಂಚುತ್ತಿತ್ತು. ತೌಡು ಅದಕ್ಕೆ ಹೋಗುತ್ತಿತ್ತು. ಅಕ್ಕಿಯನ್ನು ನೀರು ಕನ್ನಡಿಯಾಗುವವರೆಗೆ ಅತ್ತೆ ತೊಳೆಯುತ್ತಿದ್ದರು, ಆ ತೊಳೆದ ನೀರೂ ಎಮ್ಮೆಯ ಕಲಗಚ್ಚಿನ ಬಾನಿಗೆ. ಅನ್ನ ಬೆಂದ ಮೇಲೆ ಬಸಿದ ಗಂಜಿಯೂ ಅದೇ ಬಾನಿಗೆ. ಭಾಗ್ಯಳ ತಟ್ಟೆಯಲ್ಲಿ ಬಿಡಿಬಿಡಿಯಾಗಿ ನಿಂತ ಬಿಳಿ ಅನ್ನ ನೋಡಿ, ನನ್ನಂಥ ಜ್ವರದ ನಾಟಕದವಳಿಗೆ ಹೊಟ್ಟೆಕಿಚ್ಚಾದದ್ದೂ ಉಂಟು.

ಎರಡನೆಯ ತಿಂಗಳ ಹೊತ್ತಿಗೆ ಭಾಗ್ಯ ಪಾದ ಜೋಮು ಹಿಡಿಯುತ್ತದೆ ಎನ್ನತೊಡಗಿದಳು. "ಇರುವೆ ಅರ್ದಂಗಾಯ್ತದೆ ಅತ್ತಿಗೆ, ನೆಲ ಕಾಲಿಗೆ ತಾಕೂದೇ ಇಲ್ಲ." ಅತ್ತೆ ಮುಟ್ಟಿ ನೋಡಿ ಶೀತ ಎಂದರು. ಶೀತ ಎಂದ ಮೇಲೆ ಪಥ್ಯ ಇನ್ನೂ ಬಿಗಿಯಾಯಿತು. ತುಪ್ಪವೂ ಅರ್ಧಕ್ಕಿಳಿಯಿತು, ಕುಡಿಯುವ ನೀರಿಗೂ ಅಳತೆ ಬಂತು.  ದೇಹ ತನಗೆ ಬೇಕಾದದ್ದನ್ನು ಕೇಳುತ್ತಿತ್ತು. ನಾವು ಅದಕ್ಕೆ ಉತ್ತರವಾಗಿ ಇದ್ದದ್ದನ್ನೂ ಕಿತ್ತುಕೊಳ್ಳುತ್ತಿದ್ದೆವು.

ಮಗು ಮಾತ್ರ ತುಂಬಿಕೊಂಡು, ಕೆನ್ನೆ ಉಬ್ಬಿ, ನೋಡಲು ಚೆಂದವಾಗಿತ್ತು. ಬರಬರುತ್ತ ಅದು ಅಳುವುದನ್ನು ಕಡಿಮೆ ಮಾಡಿತು. ಅತ್ತೆ ಅದನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕುವಾಗ ಮೊದಲೆಲ್ಲ ಕೇರಿಯೇ ಎದ್ದು ಕೂರುತ್ತಿತ್ತು. ಈಗ ಸದ್ದಿಲ್ಲ. "ಬೋ ಸಾಧು ಮಗ" ಎಂದು ಅತ್ತೆ ನೋಡಲು ಬಂದವರಿಗೆಲ್ಲ ಹೇಳಿದರು. ಅವರೂ, ಪುಣ್ಯ ಮಾಡಿದ್ದೆ ಕಣೆ ಭಾಗ್ಯ, ನಮ್ಮವು ರಾತ್ರಿಯೆಲ್ಲ ಕುಣಿಸುತ್ತವೆ ಎಂದರು. ಮಗು ಮೊಲೆ ಬಿಟ್ಟು ಬಿಟ್ಟು ಕುಡಿಯುತ್ತಿತ್ತು, ಕುಡಿದದ್ದನ್ನು ಕಕ್ಕುತ್ತಿತ್ತು. ಹಾಲು ಹೆಚ್ಚಾಗಿದೆ ಎಂದುಕೊಂಡೆವು.

ಮೂರನೆಯ ತಿಂಗಳು ಹಿಡಿದ ಮೇಲೆ ಒಂದು ಬೆಳಿಗ್ಗೆ ನಾನು ಬಚ್ಚಲ ಬಾಗಿಲಲ್ಲಿ ಬಿಸಿನೀರಿನ ಕೊಳದಪ್ಪಲೆ ಹಿಡಿದು ನಿಂತಿದ್ದೆ. ಅತ್ತೆ ಮಗುವಿನ ಎದೆಗೆ ಎಣ್ಣೆ ಹಚ್ಚುತ್ತಿದ್ದರು. ಅದರ ಬಾಯಿ ಅಗಲವಾಗಿ ತೆರೆದಿತ್ತು. ಹುಬ್ಬು ಗಂಟಿಕ್ಕಿತ್ತು, ಕಣ್ಣಿನ ಅಂಚಿನಲ್ಲಿ ನೀರಿತ್ತು. ಪಕ್ಕೆಗಳು ಬೇಗ ಬೇಗ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿದ್ದವು. ತುಟಿಯ ಸುತ್ತ ನೀಲಿ ಇಳಿದಿತ್ತು. ಆದರೆ ಒಂದಿಷ್ಟೂ ಸದ್ದಿಲ್ಲ. ನೀರು ಕಾಯುವ ಒಲೆಯ ಚಟಪಟ ಸಹ ನನಗೆ ಕೇಳಿಸುತ್ತಿತ್ತು, ಮಗುವಿನದು ಕೇಳಿಸುತ್ತಿರಲಿಲ್ಲ.

ಅತ್ತೆಯ ಕೈ ನಿಂತಿತು. 

"ಇಂಗೇ ಆಗಿತ್ತು" ಎಂದರು, ಬಹಳ ಮೆಲ್ಲಗೆ. "ಅದ್ಕೂ ಇಂಗೇ ತುಟಿ ನೀಲಿ ಆಗಿತ್ತು. ದೃಷ್ಟಿ ತೆಗೀತಾ ಕೂತ್ಕಂಡ್ಬುಟ್ಟೆ." ಆಮೇಲೆ ಎದ್ದು ನಿಂತು, "ಓಗು, ಅಮೀರನ್ನ ಕರಿ. ಪ್ಯಾಟೆ ಆಸ್ಪತ್ರೆಗೆ ಓಗವಾ" ಎಂದರು.

ಕಿವಿಯ ಹತ್ತಿ ಹಾಗೇ ಇದ್ದ ಭಾಗ್ಯಳನ್ನು ಟೆಂಪೋದ ಮುಂದಿನ ಸೀಟಿಗೆ ಹತ್ತಿಸಿದೆವು. ಹತ್ತುವಾಗ ಅವಳ ಪಾದ ಮೆಟ್ಟಿಲು ಸಿಗದೆ ಎರಡು ಬಾರಿ ಜಾರಿತು. ಅತ್ತೆಯೂ ನಾನೂ ಹಿಂದೆ ಬತ್ತದ ಖಾಲಿ ಚೀಲಗಳ ಮೇಲೆ ಕೂತೆವು. ಅಮೀರ್ ದಾರಿಯುದ್ದಕ್ಕೂ ಒಂದೇ ಮಾತು ಆಡಿದರು, ಅದೂ ಭಾಗ್ಯಳಿಗೆ: "ಮಗಾ, ಅದರ ಎದೆ ಮೇಲೆ ಕೈ ಇಟ್ಕೊಂಡಿರು. ಆಡ್ತಾ ಇದ್ರೆ ಸುಮ್ನಿರು. ನಿಂತ್ರೆ ನಂಗೆ ಏಳು." ಕೆ.ಆರ್. ಪೇಟೆ ಬರುವವರೆಗೆ ಭಾಗ್ಯ ಸುಮ್ಮನೇ ಇದ್ದಳು. ಅವಳ ಆ ಮೌನವೊಂದೇ ನಮಗೆ ಸಿಗುತ್ತಿದ್ದ ಒಳ್ಳೆಯ ಸುದ್ದಿ.

ಆಸ್ಪತ್ರೆಯಲ್ಲಿ ಇದ್ದದ್ದು ನಡುವಯಸ್ಸಿನ ಡಾಕ್ಟರಮ್ಮ. ಮಗುವಿನ ಹೊಟ್ಟೆ ಅದುಮಿ ನೋಡಿದರು, ಎದೆಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು.

"ಎಷ್ಟು ದಿನದಿಂದ ಹೀಗೆ ಅಳ್ತಾ ಇದೆ?"

"ಅಳೂದೇ ಇಲ್ಲ ಕಣವ್ವ" ಎಂದರು ಅತ್ತೆ. "ಬೋ ಸಾಧು."

"ಅಳ್ತಾನೇ ಇದೆಯಮ್ಮ. ನಿಮಗೆ ಕೇಳಿಸ್ತಿಲ್ಲ ಅಷ್ಟೆ. ದನಿ ಹೋಗಿದೆ."

ಆಮೇಲೆ ಅವರು ಮಗುವನ್ನು ಬಿಟ್ಟು ತಾಯಿಯನ್ನು ವಿಚಾರಿಸತೊಡಗಿದರು. ನನಗೆ ವಿಚಿತ್ರವೆನಿಸಿತು. ಮಗುವಿಗೆ ಉಸಿರಾಡಲಾಗುತ್ತಿಲ್ಲ, ಇವರು ಅಡುಗೆಯ ಮಾತಾಡುತ್ತಾರಲ್ಲ ಎಂದು. ಇವಳು ಏನು ಉಣ್ಣುತ್ತಾಳೆ? ಅತ್ತೆ ಬೆನ್ನು ನೆಟ್ಟಗೆ ಮಾಡಿ ಹೇಳಿದರು. ಇಷ್ಟು ಕಟ್ಟುನಿಟ್ಟಾಗಿ ಬಾಣಂತನ ಮಾಡಿದವರು ಸೀಮೆಯಲ್ಲಿ ಯಾರಿದ್ದಾರೆ ಎಂಬ ಗತ್ತು ಆಗಲೂ ಇತ್ತು.

"ಸೊಪ್ಪು? ಕಾಳು?"

"ಒಂದು ದಿನ ಮುಟ್ಟಿಸಿಲ್ಲ."

"ಅಕ್ಕಿ ಯಾವುದು?"

"ಪಾಲೀಶ್ ಅಕ್ಕಿ ಕಣವ್ವ, ಎರಡು ಸಲ ಮಾಡ್ಸಿರೋದು. ನಾವು ತಿನ್ನೋ ಅಕ್ಕಿ ಅಲ್ಲ."

"ಗಂಜಿ ಬಸೀತೀರಾ?"

"ಊಂ. ಎಮ್ಮೆಗೆ ಉಯ್ತೀನಿ."

"ತೌಡು?"

ಅತ್ತೆ ತಡೆದರು. "ಅದೂವೆ ಎಮ್ಮೆಗೇ" ಎಂದರು. ಈ ಸಲ ದನಿ ಇಳಿದಿತ್ತು. ಎಲ್ಲಿಗೋ ಕರೆದೊಯ್ಯುವ ಪ್ರಶ್ನೆಗಳು ಇವು ಎಂದು ಅವರಿಗೆ ಹೊಳೆಯತೊಡಗಿತ್ತು.

ಡಾಕ್ಟರಮ್ಮ ಭಾಗ್ಯಳ ಪಾದವನ್ನು ಪೆನ್ನಿನ ತುದಿಯಿಂದ ಗೀರಿದರು. ಅವಳಿಗೆ ಗೊತ್ತಾಗಲಿಲ್ಲ. ನರ್ಸನ್ನು ಕರೆದು ಇಂಜೆಕ್ಷನ್ ಹೆಸರು ಹೇಳಿದರು. ಮಗುವಿಗೂ ಕೊಟ್ಟರು, ತಾಯಿಗೂ ಕೊಟ್ಟರು, ಮಗುವಿನ ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟರು. ಕೈತೊಳೆದುಕೊಂಡು ಬಂದು ನಮ್ಮ ಪಕ್ಕದ ಬೆಂಚಿನಲ್ಲೇ ಕೂತರು. "ಬೇರೆ ಊರಲ್ಲಿ ಕೆಲಸ ಮಾಡುವಾಗ ಇಂಥವು ನೋಡಿದ್ದೆ. ಈ ಕಡೆ ರಾಗಿ ತಿನ್ನೋ ಜನ, ಕಾಣಿಸಲ್ಲ ಅಂದ್ಕೊಂಡಿದ್ದೆ. ಬಿ ಒನ್ ಅಂತ ಒಂದು ವಿಟಮಿನ್ನು. ಅಕ್ಕಿಯ ತೌಡಿನಲ್ಲಿ ಇರುತ್ತೆ. ಮಿಲ್ಲಿನಲ್ಲಿ ಹೆಚ್ಚು ಪಾಲು ಹೋಯ್ತು, ತೊಳೆದಾಗ ಒಂದಿಷ್ಟು ಹೋಯ್ತು, ಗಂಜಿ ಜೊತೆ ಉಳಿದದ್ದೂ ಹೋಯ್ತು. ಕಾಳು ಸೊಪ್ಪಿನಿಂದ ಸಿಗೋದನ್ನ ನೀವು ನಿಲ್ಲಿಸಿದ್ರಿ. ಎಲೆ ಅಡಿಕೆ ಅಳಿದುಳಿದದ್ದನ್ನೂ ಕೆಡಿಸುತ್ತೆ. ಇದು ಮೈಯಲ್ಲಿ ಕೂಡಿಟ್ಟುಕೊಳ್ಳೋಕೆ ಬರೋಂಥ ವಿಟಮಿನ್ ಅಲ್ಲ ತಾಯಿ, ಕೆಲವು ವಾರ ಸಿಗಲಿಲ್ಲ ಅಂದ್ರೆ ಖಾಲಿ. ತಾಯಿ ಮೈಯಲ್ಲಿ ಇಲ್ಲದ್ದು ಹಾಲಿಗೆ ಎಲ್ಲಿಂದ ಬರಬೇಕು? ಬೆರಿಬೆರಿ ಅಂತಾರೆ ಇದನ್ನ."

ಆ ಹೆಸರು ಕೇಳಿದಾಗ ನಮ್ಮ ಏಳನೆಯ ತರಗತಿಯ ನಗು ನನ್ನ ಕಿವಿಗೆ ಬಡಿಯಿತು. ಬೋರ್ಡಿನ ಮೇಲಿದ್ದಾಗ ಅದಕ್ಕೆ ನೀಲಿ ತುಟಿಗಳಿರಲಿಲ್ಲ.

 ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಕೊನೆಗೆ, "ಡಾಕ್ಟ್ರವ್ವ, ಇವ್ಳಿಗೆ ಮೊದ್ಲು ಒಂದು ಮಗ ಇತ್ತು" ಎಂದರು. "ಅದ್ಕೂವೆ ಇದೇ ಬಾಣಂತನ ಮಾಡಿದ್ದೆ. ಮೂರ್ನೇ ತಿಂಗ್ಳಲ್ಲಿ ಓಯ್ತು. ಅದೂ ಇದೇಯಾ?"

ಡಾಕ್ಟರಮ್ಮ ಅವರ ಮುಖ ನೋಡಿದರು. "ಆ ಮಗುವನ್ನ ನಾನು ನೋಡಿಲ್ಲ ತಾಯಿ. ನೋಡದೆ ಇದ್ದದ್ದನ್ನ ನಾನು ಹೇಳಬಾರದು."

"ನಾನ್ ನೋಡಿವ್ನಿ ಕಣವ್ವ" ಎಂದರು ಅತ್ತೆ. "ಅದ್ಕೂ ದನಿ ಬಿದ್ದೋಗಿತ್ತು."

 ಡಾಕ್ಟರಮ್ಮ ಅತ್ತೆಯ ಮೊಣಕೈ ಮೇಲೆ ಕೈ ಇಟ್ಟರು. ನಾನು ಮುಖ ತಿರುಗಿಸಿದೆ. ಪಕ್ಕದ ಮಂಚದಲ್ಲಿ ಭಾಗ್ಯ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಕಿವಿಯ ಹತ್ತಿಯನ್ನು ನರ್ಸು ಆಗಲೇ ತೆಗೆದು ಹಾಕಿದ್ದಳು. ಭಾಗ್ಯ ತನ್ನ ತಾಯಿಯನ್ನೇ ನೋಡುತ್ತಿದ್ದಳು, ಕೋಪದಿಂದ ಎಂದು ನಾನು ಹೇಳಲಾರೆ. ಕೋಪವಿರಲಿಲ್ಲ ಎಂದೂ ಹೇಳಲಾರೆ.

ಬಿಸಿಲು ಇಳಿಯುವ ಹೊತ್ತಿಗೆ ಮಗುವಿನ ಪಕ್ಕೆ ಒಳಕ್ಕೆ ಹೋಗುವುದು ನಿಂತಿತು. ತುಟಿಗೆ ಬಣ್ಣ ಬಂತು, ಬಿಡದೆ ಹಾಲು ಕುಡಿಯಿತು. ಇಷ್ಟು ಬೇಗವೇ ಎಂದು ನಾನು ಕೇಳಿದ್ದಕ್ಕೆ ಡಾಕ್ಟರಮ್ಮ, ಇದು ಕೈಗೆ ಸಿಕ್ಕರೆ ಬೇಗ, ಸಿಗದಿದ್ದರೂ ಬೇಗವೇ ಎಂದರು. ಉಸಿರು ಅಂದೇ ಸರಿಹೋಯಿತು. ದನಿ ಮಾತ್ರ ಬರಲು ಇನ್ನೂ ಎಷ್ಟೋ ದಿನ ಹಿಡಿಯಿತು. ಮೊದಲು ಗಾಳಿಯಂತೆ, ಆಮೇಲೆ ಒಡೆದ ಪೀಪಿಯಂತೆ.

ಮನೆಗೆ ಬಂದ ಮೇಲೆ ಅತ್ತೆ ಒಲೆಯ ಮುಂದೆ ಕೂರಲಿಲ್ಲ. "ನೀನೇ ಮಾಡಮ್ಮಿ. ನಿಮ್ಮೂರ ಅಡ್ಗೆನೇ ಮಾಡು" ಎಂದರು. ಕಿಟಕಿಯ ಕಂಬಳಿಯನ್ನು ತಾವೇ ತೆಗೆದರು. ಉಳಿದಿದ್ದ ಬಿಳಿ ಅಕ್ಕಿಯನ್ನು ಏನು ಮಾಡಿದರೋ ನಾನು ಕೇಳಲಿಲ್ಲ.  ನಿಮಗೆ ಗೊತ್ತಿರಲಿಲ್ಲವಲ್ಲ ಅತ್ತೆ ಎಂದು ಒಮ್ಮೆ ಅಂದೆ. "ಗೊತ್ತಿರ್ನಿಲ್ಲ" ಎಂದು ಒಪ್ಪಿಕೊಂಡರು, ಆ ಮಾತಿನಿಂದ ಏನೂ ಹಗುರಾಗದವರಂತೆ.

ಅದಕ್ಕಿಂತ ಕಷ್ಟವಾಗಿದ್ದದ್ದು ಇನ್ನೊಂದು. ಅವರು ಮಗುವನ್ನು ಮುಟ್ಟುತ್ತಿರಲಿಲ್ಲ. ನೀರು ಕಾಯಿಸಿ ಇಡುವರು, ಸ್ನಾನ ನಾನು ಮಾಡಿಸಬೇಕು. ತೊಟ್ಟಿಲ ಹಗ್ಗ ಎಳೆಯುವರು, ಒಳಗೆ ಕೈ ಹಾಕರು. ಮಗು ಎದ್ದರೆ ನನ್ನನ್ನು ಕೂಗುವರು.  ತಾಯಿ ಮಗಳ ನಡುವೆ ಉಪ್ಪು ಕೊಡು, ನೀರು ಕೊಡು ಎಂಬ ಮಾತು ಬಿಟ್ಟರೆ ಬೇರೆ ಮಾತು ನಿಂತಿತ್ತು. ಬೆಳಗೊಳಕ್ಕೆ ಹೊರಡುವ ದಿನ ಹತ್ತಿರವಾಗುತ್ತಿತ್ತು. ಹೀಗೇ ಹೊರಟುಹೋದರೆ ಈ ಮನೆಯಲ್ಲಿ ಒಂದು ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ ಎಂದು ನಾನು ಹೆದರಿದ್ದೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಬಂದು ಕೂತು, ಜಗುಲಿಯ ಬಿಸಿಲಿನಲ್ಲಿ ಊಟಕ್ಕೆ ಕೂತಿದ್ದ ಭಾಗ್ಯಳ ತಟ್ಟೆ ನೋಡಿತು. "ಏನ್ ತಾಯಮ್ಮ, ಬಾಣಂತಿಗೆ ಇಟ್ಟು, ಕಾಳು, ಸೊಪ್ಪು ಎಲ್ಲಾ ಇಕ್ತಿದ್ದೀಯಲ್ಲ. ಯಜಮಾನ್ಕೆ ಸೊಸೆ ಕೈಗೆ ಕೊಟ್ಬುಟ್ಟಾ?"

ಬೇರೆ ಕಾಲವಾಗಿದ್ದರೆ ಅಜ್ಜಿ ಆ ಮಾತಿಗೆ ಒಂದು ವಾರ ನೆನೆಯುವಂಥ ಉತ್ತರ ಪಡೆಯುತ್ತಿತ್ತು. ಅತ್ತೆ, "ಊಂ, ಕೊಟ್ಬುಟ್ಟೆ" ಎಂದಷ್ಟೇ ಹೇಳಿ ನೆಲ ನೋಡಿದರು. ಅಜ್ಜಿಗೇ ಏನೋ ಆಯಿತು, ಬಂದ ದಾರಿ ಹಿಡಿಯಿತು.

ಆಗಲೇ ಒಳಗೆ ಮಗು ಎದ್ದು ಅಳತೊಡಗಿತು. ಗೊಗ್ಗರು ದನಿ, ಆದರೆ ದನಿ. ಅತ್ತೆ ಎಂದಿನಂತೆ ನನ್ನ ಕಡೆ ನೋಡಿದರು. ನಾನು ಒಳಬಾಗಿಲಲ್ಲಿ ಮುದ್ದೆಯ ಕೋಲು ಹಿಡಿದು ನಿಂತಿದ್ದೆ. ಭಾಗ್ಯ ಎಂಜಲು ಕೈಯನ್ನು ದೂರ ಹಿಡಿದು, ಗೋಡೆ ಊರಿಕೊಂಡು ಎದ್ದು ಒಳಗೆ ಹೋಗಿ, ಎಡಗೈಯಲ್ಲಿ ಮಗುವನ್ನು ಎದೆಗೊತ್ತಿಕೊಂಡು ಬಂದಳು. ಬಂದವಳು ತಾಯಿಯ ಮುಂದೆ ನಿಂತಳು.

"ತಗಳವ್ವ."

"ನಿಮ್ಮತ್ತಿಗೆಗೆ ಕೊಡು."

"ಅತ್ತಿಗೆ ಕೈ ಬಿಡುವಿಲ್ಲ. ನಾನು ಉಣ್‌ಬೇಕು. ನೀನೇ ತಗೋ."

ಅತ್ತೆ ತಲೆ ಎತ್ತಲಿಲ್ಲ. ಭಾಗ್ಯಳ ಕಾಲಿಗೆ ಇನ್ನೂ ಪೂರ್ತಿ ಬಲ ಬಂದಿರಲಿಲ್ಲ. ಅವಳು ತೂಗುತ್ತಿದ್ದಳು, ಮಗುವನ್ನು ಚಾಚಿದ ತೋಳು ನಡುಗುತ್ತಿತ್ತು. ಆದರೂ ಇಳಿಸಲಿಲ್ಲ. ಅತ್ತೆ ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಒದ್ದೆಯೇನೂ ಇರಲಿಲ್ಲ. ಮತ್ತೊಮ್ಮೆ ಒರೆಸಿಕೊಂಡರು. ಆಮೇಲೆ ಚಾಚಿದರು.

ಭಾಗ್ಯ ಮಗುವನ್ನು ಆ ಕೈಗಳಲ್ಲಿ ಇಟ್ಟು, ತಟ್ಟೆಯ ಮುಂದೆ ಕೂತು, ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದಳು. "ಇನ್ನರ್ಧ ಇಕ್ಕಿ ಅತ್ತಿಗೆ" ಎಂದಳು, ನನ್ನ ಕಡೆ ನೋಡದೆ.